ಬೆನ್ನಿಲ್ಲದ ಕೋಟುಗಳು

ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ ತೆರೆಯಬೇಕೆಂದು ಆಗಾಗ ಯಾರಾದರೂ ಹೆಣ್ಣುಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರನ್ನು ನಾನು ಮೊದಲು ಕೇಳುವುದು ಒಂದೇ: ಬೇರೆಯವರ ಬೆವರು ನಿಮಗೆ ಆಗುತ್ತದೆಯೇ? ಕಿರೀಟ, ಜರಿ, ಮಣಿಸರ ಎಲ್ಲ ಆಮೇಲಿನ ಮಾತು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಬೆವರಿನ ವಾಸನೆ ಹೋಗಲಾಡಿಸುವುದೇ. ಮಖಮಲ್ಲನ್ನು ಒಗೆಯುವ ಹಾಗಿಲ್ಲ, ಒಗೆದರೆ ಗೋಣಿಚೀಲವಾಗುತ್ತದೆ. ಒಳಮಗ್ಗುಲು ಹೊರಗೆ ತಿರುವಿ, ಸ್ಪಿರಿಟ್ ಚಿಮುಕಿಸಿ, ನೆರಳಿನ ಗಾಳಿಗೆ ಹಾಕಿ, ಕರ್ಪೂರದ ಬಿಲ್ಲೆ ಇಟ್ಟು ಮಡಿಸಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ನಾನು ಎಷ್ಟೋ ಸಲ ಊಟ ಬಿಟ್ಟೆದ್ದಿದ್ದೇನೆ. ಕೆಲವರು ಈ ಪ್ರಶ್ನೆ ಕೇಳಿದ ಕೂಡಲೇ ಬೇರೇನೋ ಕೆಲಸ ನೆನಪಾಗಿ ಹೊರಟುಬಿಡುತ್ತಾರೆ. ಕೂತವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೈಸೂರಿನ ಲಕ್ಷ್ಮೀಪುರಂನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಮನೆಯ ಮುಂದಿನ ಹಜಾರವೇ ಅಂಗಡಿ. ಶುರುಮಾಡಿದವರು ನಮ್ಮ ಮಾವ ಚನ್ನಬಸಪ್ಪನವರು. ಮಠದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಿದ್ದವರು ನಾಟಕದ ಹುಚ್ಚು ಹತ್ತಿ ಒಂದು ಕಂಪನಿ ಸೇರಿ, ರಾಜಪಾರ್ಟು ಮಾಡಿಕೊಂಡು ಊರೂರು ತಿರುಗಿದರು. ಕಂಪನಿ ಮುಚ್ಚಿದಾಗ ಅವರ ಪಾಲಿಗೆ ಬಂದದ್ದು ವೇಷದ ಬಟ್ಟೆ ತುಂಬಿದ ಟ್ರಂಕುಗಳು. ಅವನ್ನೇ ಬಂಡವಾಳ ಮಾಡಿಕೊಂಡು ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳಿಗೆ ಬಾಡಿಗೆಗೆ ಕೊಡಲು ತೊಡಗಿದರು. ನಮ್ಮ ಯಜಮಾನರು ಮಹದೇವಯ್ಯ ಟ್ರಂಕಿನ ಜೊತೆ ಹಳ್ಳಿಗೆ ಹೋಗಿ, ಪಾತ್ರಧಾರಿಗಳಿಗೆ ಬಣ್ಣ ಹಚ್ಚಿ, ಬಟ್ಟೆ ಕಟ್ಟಿ, ನಾಟಕ ಮುಗಿದ ಮೇಲೆ ಎಲ್ಲ ತುಂಬಿಕೊಂಡು ಬರುತ್ತಿದ್ದರು. ಹರಿದದ್ದನ್ನು ಹೊಲಿಯುವ ಕೆಲಸ ಅತ್ತೆಯವರದು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರು ತೀರಿಕೊಂಡರು. ನಾನು ತವರಿನಲ್ಲಿದ್ದಾಗ ನಂಜನಗೂಡಿನಲ್ಲಿ ಹೊಲಿಗೆ ಕ್ಲಾಸಿಗೆ ಹೋಗಿದ್ದವಳು. ಹೀಗಾಗಿ ಅತ್ತೆಯವರ ಮಿಷನ್ನು ನನ್ನ ಕೈಗೆ ಬಂತು.

ಬಟ್ಟೆ ಕಟ್ಟಿ ಎಂದು ಬರೆದದ್ದು ಕೈತಪ್ಪಿನಿಂದಲ್ಲ. ನಮ್ಮ ಅಂಗಡಿಯ ಉಡುಪುಗಳನ್ನು ಯಾರೂ ತೊಡುತ್ತಿರಲಿಲ್ಲ, ಕಟ್ಟಿಸಿಕೊಳ್ಳುತ್ತಿದ್ದರು. ಯಾಕೆಂದರೆ ಅವುಗಳಿಗೆ ಬೆನ್ನೇ ಇರಲಿಲ್ಲ. ರಾಜನ ಕೆಂಪು ಕೋಟಿಗೆ ಎದೆಯುಂಟು, ತೋಳುಂಟು, ಕತ್ತಿನ ಸುತ್ತ ಬೆಳ್ಳಿ ಜರಿಯುಂಟು; ಹಿಂದೆ ಬರೀ ದಾರಗಳು. ಸಣಕಲ ಬಂದರೆ ಬಿಗಿದು ಕಟ್ಟುವುದು, ದಪ್ಪನೆಯವನು ಬಂದರೆ ಸಡಿಲ ಬಿಟ್ಟು ಕಟ್ಟುವುದು. ಒಂದೇ ಕೋಟು ಎಲ್ಲರಿಗೂ ಆಗಿಬಿಡುತ್ತಿತ್ತು. ಜನಕ್ಕೆ ಕಾಣುವುದು ಮುಂದಿನ ಭಾಗ ತಾನೆ? ಆದ್ದರಿಂದ ಪ್ರತಿಯೊಬ್ಬ ಪಾತ್ರಧಾರಿಗೂ ಬಣ್ಣ ಹಚ್ಚುವಾಗಲೇ ಎಚ್ಚರಿಕೆ ಹೇಳಬೇಕು: ರಂಗದ ಮೇಲೆ ಬೆನ್ನು ತೋರಿಸಬೇಡಿ, ಒಳಗೆ ಹೋಗುವಾಗ ಹಿಮ್ಮುಖವಾಗಿ ನಡೆದು ಹೋಗಿ. ನಮ್ಮ ಬಟ್ಟೆ ಹಾಕಿದ ರಾಜರೆಲ್ಲ ಸಿಟ್ಟು ಬಂದು ಸಭೆ ಬಿಟ್ಟು ಹೋಗುವಾಗಲೂ ಜನರ ಕಡೆ ಮುಖ ಮಾಡಿಕೊಂಡೇ ಹಿಂದೆ ಸರಿಯುತ್ತಿದ್ದರು. ಹಳ್ಳಿಯ ಜನ ಅದನ್ನು ರಾಜರ ಗತ್ತು ಅಂದುಕೊಂಡಿದ್ದರು.

ಎಚ್ಚರಿಕೆ ಮರೆತವರೂ ಇದ್ದರು. ಒಬ್ಬ ರಾಜ ಶತ್ರುವಿನ ಮೇಲೆ ಏರಿಹೋಗುವ ಆವೇಶದಲ್ಲಿ ಗರ್ರನೆ ತಿರುಗಿದ. ಒಳಗೆ ಹಾಕಿಕೊಂಡಿದ್ದ ಗೊಬ್ಬರದ ಕಂಪನಿಯ ಬನಿಯನ್ನು, ಅದರ ಮೇಲಿನ ಬಣ್ಣದ ಚಿತ್ರ ಸಮೇತ, ಊರಿಗೆ ಊರೇ ನೋಡಿತು. ಆ ಊರಲ್ಲಿ ಅವನಿಗೆ ಆಮೇಲೆ ಗೊಬ್ಬರದ ರಾಜ ಅಂತಲೇ ಹೆಸರಾಯಿತಂತೆ. ನಮ್ಮ ಯಜಮಾನರು ಇದನ್ನು ಬಂದು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ನಗಲಿಲ್ಲ. ತಪ್ಪು ಅವನದು, ಕೋಟಿನದ್ದಲ್ಲ ಅಂದರು.

ಇನ್ನೊಂದು ಎಡವಟ್ಟು ಪೂರಾ ನಮ್ಮದೇ. ಟ್ರಂಕಿನ ಮೇಲೆ ಊರ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುವುದು ವಾಡಿಕೆ. ಒಂದು ಸಲ ಲಾರಿಗೆ ಹೇರುವಾಗ ತುಂತುರು ಬಿದ್ದು ಬರೆದದ್ದು ಅಳಿಸಿತು. ತಿರುಮಕೂಡಲಿನ ಕಡೆಯ ಹಳ್ಳಿಗೆ ಬರೀ ಕಿರೀಟಗಳು ಹೋದವು. ಶ್ರೀರಂಗಪಟ್ಟಣದ ಕಡೆಯ ಹಳ್ಳಿಗೆ ಬರೀ ಗದೆ, ಬಿಲ್ಲು, ಕತ್ತಿಗಳು. ಕಿರೀಟ ಸಿಕ್ಕವರು ಗದ್ದೆಗೆ ಓಡಿ ಕಬ್ಬಿನ ಜಲ್ಲೆ ಮುರಿದು ತಂದು ಯುದ್ಧ ಮಾಡಿದರು. ಕತ್ತಿ ಸಿಕ್ಕವರು ತಲೆಗೆ ಬಣ್ಣದ ಟವೆಲ್ಲು ಸುತ್ತಿಕೊಂಡು ರಾಜ್ಯವಾಳಿದರು. ಎರಡೂ ಕಡೆ ನಾಟಕ ಚೆನ್ನಾಗೇ ಆಯಿತು. ಕಬ್ಬಿನವರಂತೂ ಮಾರನೆಯ ವರ್ಷವೂ ನಮ್ಮನ್ನೇ ಕರೆದರು. ಆಗ ನನಗೆ ಹೊಳೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ: ಜನ ನೋಡಲು ಬರುವುದು ಮನುಷ್ಯನನ್ನು, ನಮ್ಮ ಟ್ರಂಕನ್ನಲ್ಲ. ಈ ಮಾತನ್ನು ಮಾವನ ಮುಂದೆ ಆಡುವ ಧೈರ್ಯ ಆಗ ನನಗಿರಲಿಲ್ಲ.

ಅಷ್ಟರಲ್ಲಿ ಕೆಲಸ ಇಳಿಮುಖವಾಗತೊಡಗಿತ್ತು. ಹಳ್ಳಿಯವರಿಗೆ ರಂಗಸಜ್ಜಿಕೆ, ಮೈಕು, ಲೈಟು, ಬಟ್ಟೆ ಎಲ್ಲವನ್ನೂ ಒಟ್ಟಿಗೆ ಲಾರಿಯಲ್ಲಿ ತಂದುಕೊಡುವ ಸೀನರಿಯವರು ಅವರವರ ತಾಲ್ಲೂಕಿನಲ್ಲೇ ಹುಟ್ಟಿಕೊಂಡರು. ಮೈಸೂರಿನವರೆಗೆ ಬರುವ ಗರಜು ಯಾರಿಗೂ ಉಳಿಯಲಿಲ್ಲ. ಇತ್ತ ಊರೊಳಗೆ ಸ್ಕೂಲ್ ಡೇ, ಕಾಲೇಜ್ ಡೇಗಳಿಗೆ ಬೇಡಿಕೆ ಇತ್ತು. ಆದರೆ ಟೀಚರುಗಳು ನಮ್ಮ ಮಖಮಲ್ಲನ್ನು ಮುಟ್ಟಿ, ಮೂಸಿ ನೋಡಿ, ಹೊಸ ಅಂಗಡಿಗಳ ಫಳಫಳ ಸ್ಯಾಟಿನ್ನಿಗೆ ಹೋಗುತ್ತಿದ್ದರು. ಕಪಾಟಿನೊಳಗೆ ಕೋಟುಗಳು ತೂಗುತ್ತಿದ್ದವು, ಬಾಗಿಲಲ್ಲಿ ಮಾವ ಕೂತಿರುತ್ತಿದ್ದರು. ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಬಂದು ಕೂರುವುದನ್ನು ಅವರು ಬಿಡಲಿಲ್ಲ.

ಒಂದು ದಿನ ಸೀನರಿಯವನೊಬ್ಬ ಬಂದು ಇದ್ದಬದ್ದ ಟ್ರಂಕುಗಳನ್ನೆಲ್ಲ ತಾನೇ ತೆಗೆದುಕೊಳ್ಳುವುದಾಗಿ ಹೇಳಿದ. ಮಾವ ಆಗಲಿ ಎಂದುಬಿಟ್ಟರು. ಊಟಕ್ಕೆ ಕೂತಾಗ ಮಗನಿಗೆ ಹೇಳಿದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು: "ನನ್ನ ತಲೆಗೇ ಮುಗ್ದೋಗ್ಲಿ ಬುಡು. ನೀನು ಎಲ್ಲಾದ್ರೂ ಒಂದು ಕೆಲ್ಸ ನೋಡ್ಕೊ."

ನಾನು ಸಾರಿನ ಪಾತ್ರೆ ಕೆಳಗಿಟ್ಟು ಹೊರಗೆ ಬಂದೆ. ಮಾವನ ಮಾತಿಗೆ ಎದುರಾಡಿದ್ದು ಅದೇ ಮೊದಲು. ಬರುವ ಯುಗಾದಿಯವರೆಗೆ ಅಂಗಡಿಯನ್ನು ನನ್ನ ಕೈಗೆ ಕೊಡಿ, ಆಮೇಲೂ ಕಪಾಟಿನಲ್ಲೇ ಬಟ್ಟೆ ತೂಗುತ್ತಿದ್ದರೆ ನಾನೇ ಟ್ರಂಕು ಹೊತ್ತು ಲಾರಿಗೆ ಹಾಕುತ್ತೇನೆ ಎಂದೆ. ಅವರು ತಟ್ಟೆಯಿಂದ ತಲೆಯೆತ್ತದೆ ಆಯಿತು ಎನ್ನುವ ಹಾಗೆ ಕೈ ಅಲ್ಲಾಡಿಸಿದರು. ನಿಜ ಹೇಳಬೇಕೆಂದರೆ ನನಗೆ ಅಂಗಡಿ ಉಳಿಯುವುದಷ್ಟೇ ಸಾಕಾಗಿರಲಿಲ್ಲ. ಉಳಿದರೆ ಅದರೊಳಗೆ ನನ್ನ ಕೆಲಸವೂ ಕಾಣಬೇಕು ಎನ್ನುವ ಆಸೆ ಇತ್ತು. ಬೇರೆಯವರು ಹೊಲಿದದ್ದಕ್ಕೆ ತೇಪೆ ಹಾಕಿ ಹಾಕಿ ನನಗೆ ಸಾಕಾಗಿತ್ತು.

ಆ ಮಳೆಗಾಲ ಮುಗಿದ ಮೇಲೆ ಸವಿತಾ ಬಂದಳು. ಅಶೋಕಪುರಂನ ಹುಡುಗಿ, ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಳು. ಎತ್ತರದ ಆಳು, ಅಗಲವಾದ ಭುಜ, ತುಂಬಿದ ಮೈ. ಕಾಲೇಜ್ ಡೇಗೆ ಅವರ ಲೆಕ್ಚರರ್ ಒಬ್ಬರು ತಾವೇ ಒಂದು ನಾಟಕ ಬರೆದಿದ್ದರು. ರಾಜ್ಯವಾಳುವ ರಾಣಿಯೊಬ್ಬಳು ಕೊನೆಗೆ ಸಿಂಹಾಸನ ಬೇಡವೆಂದು ಬಿಟ್ಟು ಹೋಗುವ ಕಥೆ. ಸವಿತಾ ಆ ರಾಣಿ.

ಮಾವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಪ್ರಸಿದ್ಧ ಕೆಂಪು ಕೋಟನ್ನೇ ತೆಗೆಸಿದರು. ಕಟ್ಟಿ ನೋಡಿದೆ. ಮುಂದೆ ಚೆನ್ನಾಗಿಯೇ ಕಂಡಿತು. ಅವಳು ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿ ನೋಡಿಕೊಂಡು, ಇದು ಆಗುವುದಿಲ್ಲ ಎಂದಳು. ಕೊನೆಯ ದೃಶ್ಯದಲ್ಲಿ ರಾಣಿ ಜನಕ್ಕೆ ಬೆನ್ನು ಮಾಡಿ ನಿಧಾನವಾಗಿ ನಡೆದುಹೋಗಬೇಕಂತೆ, ಪರದೆ ಬೀಳುವವರೆಗೆ. ಮೇಲೊಂದು ಶಾಲು ಹೊದ್ದುಕೋ ಎಂದರು ಮಾವ. ಶಾಲನ್ನು ಸಿಂಹಾಸನದ ಮೇಲೆ ಬಿಟ್ಟು ಹೋಗುವುದೇ ನಾಟಕ ಎಂದಳು ಅವಳು. ಹಾಗಾದರೆ ಹಿಮ್ಮುಖವಾಗಿ ನಡೆದು ಹೋಗು, ರಾಜರು ಹೋಗುವುದೇ ಹಾಗೆ ಎಂದರು.

"ಅರಮನೇನೇ ಬೇಡ ಅಂತ ಹೋಗೋಳು ಹಿಂದ್ ಹಿಂದಕ್ಕೆ ಹೋಗ್ತಾಳಾ ತಾತ?" ಎಂದಳು ಸವಿತಾ.

ಮಾವ ಎದ್ದು ಒಳಗೆ ಹೋದರು. ಹುಡುಗಿ ಕೋಟು ಬಿಚ್ಚಿ ಮಡಿಸಿಟ್ಟು, ಹೊರಡದೆ ನಿಂತಳು. ಏನಮ್ಮ ಎಂದೆ.

"ಆಂಟಿ, ಒಂದ್ನೇ ಕ್ಲಾಸಿಂದ್ಲೂ ನಂಗೆ ರಾಕ್ಷಸಿ, ಇಲ್ಲಾಂದ್ರೆ ಬಾಗ್ಲು ಕಾಯೋನು. ಬಾಡಿಗೆ ಬಟ್ಟೆ ನಂಗಾಗಲ್ಲ ಅಂತ. ಈ ಸಲ ಮೇಡಂ ನನ್ನ ದನಿ ಕೇಳಿ ರಾಣಿ ಮಾಡವ್ರೆ. ಬಟ್ಟೆ ಸಿಗ್ಲಿಲ್ಲ ಅಂದ್ರೆ ಇದೂ ಸಣ್ಣಗಿರೋಳಿಗೆ ಹೋಗ್ಬುಡುತ್ತೆ."

ಅಳುತ್ತಿರಲಿಲ್ಲ. ಬಸ್ಸು ತಪ್ಪಿಹೋಯಿತು ಎನ್ನುವ ಹಾಗೆ ಹೇಳಿದಳು. ನಾನೇ ಹೊಲಿದು ಕೊಡುತ್ತೇನೆ, ನಿಮ್ಮ ಮೇಡಂಗೆ ಹೇಳು ಎಂದು ಕಳಿಸಿದೆ. ಕಳಿಸಿದ ಮೇಲೆ ಯೋಚನೆಯಾಯಿತು, ಬಟ್ಟೆ ಎಲ್ಲಿದೆ? ಹಿತ್ತಿಲ ಕೋಣೆಯಲ್ಲಿ ಕಂಪನಿ ಕಾಲದ ಮುಂಪರದೆ ಸುತ್ತಿಟ್ಟಿತ್ತು. ಕಡು ಹಸಿರು ಮಖಮಲ್ಲು, ವರ್ಷಗಳಿಂದ ಯಾರೂ ಬಿಚ್ಚಿರಲಿಲ್ಲ. ಅದನ್ನು ಹರಡಿ, ತೂತಿಲ್ಲದ ಕಡೆ ನೋಡಿ ಕತ್ತರಿ ಹಾಕಿದೆ.

ಮಾವ ಬಂದು ನೋಡಿದಾಗ ತೋಳುಗಳು ಆಗಲೇ ಬೇರೆಯಾಗಿದ್ದವು. ಅವರು ಕೂಗಾಡಲಿಲ್ಲ. ಗೋಡೆ ಹಿಡಿದುಕೊಂಡರು.

"ಒಬ್ಬರ ಮೈಗೆ ಸರಿಯಾಗಿ ಹೊಲಿದ್ಬುಟ್ರೆ ಇನ್ನೊಬ್ರಿಗೆ ಎಂಗೆ ಕೊಡ್ತೀಯ? ನಾವು ಟೈಲರಲ್ಲ ಕಣಮ್ಮ, ಬಾಡಿಗೆಯೋರು. ಇದು ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಆದರೂ ಹೊಲಿದೆ. ಪರದೆ ಕತ್ತರಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಮೇಲೇಳುವ ಕಾಲ ಆ ಪರದೆಗೆ ಎಂದೋ ಮುಗಿದಿತ್ತು. ಅಲ್ಲಿಂದ ಎಷ್ಟೋ ವರ್ಷ ಮಾವ ನನ್ನೊಂದಿಗೆ ನೇರವಾಗಿ ಮಾತಾಡಲಿಲ್ಲ. ನಾನು ಎದುರಿಗೇ ನಿಂತಿದ್ದರೂ "ನಿನ್ನ ಹೆಂಡ್ತಿಗೆ ಕಾಫಿ ಕೇಳು" ಎಂದು ಮಗನಿಗೆ ಹೇಳುವರು. ನಮ್ಮ ಯಜಮಾನರು ನನ್ನ ಕಡೆ ತಿರುಗಿ, "ಗಿರಿಜಾ, ಕಾಫಿ ಅಂತೆ" ಎನ್ನುವರು. ಇಬ್ಬರ ನಡುವೆ ಅವರು ಸಣ್ಣಗಾದರು.

ಮೊದಲ ಟ್ರಯಲ್ಲಿನಲ್ಲೇ ನನ್ನ ಹೊಲಿಗೆ ಕ್ಲಾಸಿನ ಬಂಡವಾಳ ಬಯಲಾಯಿತು. ಸವಿತಾ ನಿಂತಾಗ ನಿಲುವಂಗಿ ಬಹಳ ಚೆನ್ನಾಗಿತ್ತು. ಸಿಂಹಾಸನದ ಬದಲು ನಮ್ಮ ಸ್ಟೂಲಿನ ಮೇಲೆ ಕೂತಳು, ಕಂಕುಳು ಪರ್ರೆಂದಿತು. ಕೈಯೆತ್ತಿ ಆಜ್ಞೆ ಮಾಡಿದಳು, ಇಡೀ ಅಂಗಿ ಮೊಣಕಾಲಿಗೆ ಬಂತು. ಟೈಲರು ಅಳತೆ ತೆಗೆಯುವುದು ಸುಮ್ಮನೆ ನಿಂತವರದ್ದು. ರಂಗದ ಮೇಲೆ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಅಲ್ಲಿಂದಾಚೆ ನಾನು ಯಾರದೇ ಅಳತೆ ತೆಗೆದರೂ ಅವರನ್ನು ಕೂರಿಸಿ, ಬಗ್ಗಿಸಿ, ಕೈ ಎತ್ತಿಸಿ, ಅವರ ಮಾತನ್ನು ಒಂದು ಸಲ ಆಡಿಸಿಯೇ ತೆಗೆದಿದ್ದೇನೆ. ಹೊಸದಾಗಿ ಬರುವವರು ಇದೊಂದನ್ನು ಮರೆಯದಿದ್ದರೆ ಸಾಕು. ಕಂಕುಳಲ್ಲಿ ಬೇರೆ ತುಂಡು ಕೂಡಿಸಿ ಸರಿಮಾಡಿ ಕೊಟ್ಟೆ.

ನಾಟಕಕ್ಕೆ ನಾನೂ ಹೋಗಿದ್ದೆ. ಕೊನೆಯಲ್ಲಿ ಅವಳು ಶಾಲು ಬಿಟ್ಟು ತಿರುಗಿದಾಗ ನಾನು ನೋಡಿದ್ದು ಬೆನ್ನನ್ನೇ. ಹೊಲಿಗೆ ಎಲ್ಲಾದರೂ ಎಳೆಯುತ್ತದೆಯೇ ಅಂತ. ಎಳೆಯಲಿಲ್ಲ. ಆ ಅಗಲವಾದ ಬೆನ್ನು ನಿಧಾನಕ್ಕೆ ಹೋಗುತ್ತಿದ್ದರೆ ಸಭಾಂಗಣ ಗಪ್‌ಚಿಪ್. ಪರದೆ ಬಿದ್ದ ಮೇಲೆ ಹುಡುಗಿಯರು ಬೆಂಚು ಬಡಿದು ಗಲಾಟೆ ಎಬ್ಬಿಸಿದರು. ನನಗೆ ಬಹಳ ಸಂತೋಷವಾಯಿತು. ಮನೆಗೆ ಬಂದು ಹೇಳಲು ಯಜಮಾನರು ಬಿಟ್ಟರೆ ಯಾರೂ ಇರಲಿಲ್ಲ. ಅವರಿಗೇ ಮೂರು ಸಲ ಹೇಳಿದೆ.

ಆದರೆ ಮಾವನ ಮಾತೂ ಸುಳ್ಳಾಗಲಿಲ್ಲ. ಅಂಗಿ ವಾಪಸ್ ಬಂತು, ಕಪಾಟಿನಲ್ಲಿ ತೂಗಿತು. ಯಾರು ಹಾಕಿಕೊಂಡರೂ ಅದರೊಳಗೆ ಮುಳುಗಿಹೋಗುತ್ತಿದ್ದರು. ಮಾವ ಕಪಾಟಿನ ಬಾಗಿಲನ್ನು ಬೇಕೆಂದೇ ತೆರೆದಿಡುತ್ತಿದ್ದರು. ನಾನು ಅಂಗಿಯನ್ನು ಕೆಳಗಿಳಿಸಿ ಪೂರ್ತಿ ಬಿಚ್ಚಿ ಹಾಕಿದೆ. ಎರಡೂ ಮಗ್ಗುಲಿಗೆ, ಭುಜಕ್ಕೆ, ಕೆಳಗಿನ ಮಡಿಕೆಗೆ ಧಾರಾಳವಾಗಿ ಹೆಚ್ಚಿನ ಬಟ್ಟೆ ಒಳಗೆ ಮಡಿಸಿ ಬಿಟ್ಟು, ಮಿಷನ್ನಿನ ಬದಲು ಉದ್ದ ಟಾಕು ಹಾಕಿ ಕೈಯಲ್ಲಿ ಹೊಲಿದೆ. ಬೇಕೆಂದಾಗ ಬಿಚ್ಚಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರ ಮೈಗೆ ಕೂರಿಸಲು ನನಗೆ ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಇದು ದೊಡ್ಡ ಶೋಧವೇನಲ್ಲ, ಬೆಳೆಯುವ ಮಕ್ಕಳ ಲಂಗಕ್ಕೆ ಎಲ್ಲ ತಾಯಂದಿರೂ ಮಾಡುವುದೇ. ಕೆಲಸ ಮಾತ್ರ ದುಪ್ಪಟ್ಟಾಯಿತು. ನಮ್ಮ ಮನೆಯಲ್ಲಿ ಆಮೇಲೆ ಮಧ್ಯಾಹ್ನದ ನಿದ್ದೆ ಎನ್ನುವುದು ಯಾರಿಗೂ ಇರಲಿಲ್ಲ.

ಸವಿತಾಳ ಮೇಡಂ ಇನ್ನೊಂದು ಕಾಲೇಜಿನವರಿಗೆ ಹೇಳಿದರು, ಅವರು ಜಯಲಕ್ಷ್ಮಿಪುರಂನ ನೃತ್ಯದ ಟೀಚರಿಗೆ ಹೇಳಿದರು. ಬೇರೆ ಅಂಗಡಿಯ ಬಟ್ಟೆ ಆಗದವರೆಲ್ಲ ನಮ್ಮ ಬಾಗಿಲಿಗೆ ಬರತೊಡಗಿದರು. ತೀರ ಕುಳ್ಳಗಿದ್ದ ಸೇನಾಪತಿ ಬಂದ. ಬಸುರಿ ನರ್ತಕಿ ಬಂದರು. ಒಂದು ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಹಾಕುವ ಹುಡುಗ ಮಂತ್ರಿಯ ಪಾತ್ರಕ್ಕೆ ಬಂದ. ಅವನ ಪಂಚೆಯನ್ನು ಕ್ಯಾಲಿಪರಿಗೆ ಸಿಕ್ಕದ ಹಾಗೆ ಕಚ್ಚೆ ಕೂರಿಸಿ ಹೊಲಿಯುವುದರಲ್ಲಿ ನನಗೆ ಸಾಕುಸಾಕಾಯಿತು. ಯುಗಾದಿ ಬಂದಾಗ ಸೀನರಿಯವನೂ ಬಂದ. ಕಪಾಟು ಅರ್ಧ ಖಾಲಿ ಇತ್ತು, ಬಟ್ಟೆಗಳು ಬಾಡಿಗೆಗೆ ಹೋಗಿದ್ದವು. ಮಾವ ಅವನಿಗೆ ಬೇವುಬೆಲ್ಲ ಕೊಟ್ಟು, ಮಳೆ ಬೆಳೆ ವಿಚಾರಿಸಿ, ಟ್ರಂಕಿನ ಮಾತೆತ್ತದೆ ಕಳಿಸಿಬಿಟ್ಟರು. ಕೆಂಪು ಕೋಟುಗಳನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅವು ಅವರ ಕಾಲದವು, ಬೆನ್ನಿಲ್ಲದೆಯೇ ಇರಲಿ ಎಂದು ಮಗನ ಬಾಯಲ್ಲಿ ಹೇಳಿಸಿದರು. ಹಳೆಯ ಗಿರಾಕಿಗಳು ಅಪರೂಪಕ್ಕೆ ಬಂದರೆ ತಾವೇ ಎದ್ದು ದಾರ ಕಟ್ಟಿ ಕಳಿಸುವರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಫ್ಯಾನ್ಸಿ ಡ್ರೆಸ್ಸಿನ ಕಾಟ ಶುರುವಾಯಿತು. ಕಾಟ ಎಂದದ್ದು ಮಕ್ಕಳಿಗಲ್ಲ, ತಾಯಂದಿರಿಗೆ. ಒಬ್ಬರ ಮಗು ಹುಲಿಯಾಗಿ ಬಹುಮಾನ ತಂದರೆ ಮುಂದಿನ ವರ್ಷ ತರಗತಿಯೆಲ್ಲ ಹುಲಿ. ಫೋಮಿನಲ್ಲಿ ಬದನೆಕಾಯಿ, ಟೊಮ್ಯಾಟೊ ಹೊಲಿದು ಹೊಲಿದು ಮನೆಯಲ್ಲಿ ನಿಜವಾದ ಬದನೆಕಾಯಿ ಕಂಡರೂ ರೇಗುತ್ತಿತ್ತು. ಬಣ್ಣ ಹಚ್ಚುವ ರೀತಿಯೂ ಬದಲಾಗಿತ್ತು. ಹಿಂದೆ ಎಣ್ಣೆಯಲ್ಲಿ ಬಿಳಿ ಪುಡಿ ಕಲಸಿ ಎಲ್ಲರ ಮುಖಕ್ಕೂ ಒಂದೇ ಸಮ ಬಳಿಯುತ್ತಿದ್ದೆವು. ಈಗ ಮೈಬಣ್ಣಕ್ಕೆ ತಕ್ಕ ಹಾಗೆ ಡಬ್ಬಿಗಳು ಬಂದವು. ನಮ್ಮ ಯಜಮಾನರು ಅದನ್ನು ನನಗಿಂತ ಚೆನ್ನಾಗಿ ಕಲಿತರು. ಕಪ್ಪಗಿರುವ ಮಗುವನ್ನು ಬೆಳ್ಳಗೆ ಮಾಡಿಕೊಡಿ ಎಂದು ತಾಯಂದಿರು ಕೇಳಿದರೆ ಹಿಂದೆ ಮಾಡಿಕೊಡುತ್ತಿದ್ದವರು ಆಮೇಲೆ, ಡಬ್ಬಿ ಖಾಲಿಯಾಗಿದೆ ಎಂದು ಮುಖದಲ್ಲಿ ನಗು ತೋರಿಸದೆ ಸುಳ್ಳು ಹೇಳುತ್ತಿದ್ದರು.

ಒಂದು ಪುಟ್ಟ ಹುಡುಗಿ ತಾಯಿಯ ಕೈ ಹಿಡಿದು ಬಂದು, ತನಗೆ ಹುಲಿ ಬೇಡ, ನಮ್ಮಜ್ಜಿ ಆಗಬೇಕು ಎಂದಳು. ತಾಯಿ ನನ್ನ ಮುಖ ನೋಡಿದರು. ಅದಕ್ಕೆ ನಮ್ಮ ಅಂಗಡಿಯಲ್ಲಿ ಬಟ್ಟೆಯಿಲ್ಲ, ನಿಮ್ಮ ಮನೆಯಲ್ಲೇ ಇದೆ, ಅಜ್ಜಿಯ ಹಳೆ ಸೀರೆ ತನ್ನಿ ಎಂದು ತರಿಸಿ, ಅದನ್ನು ಮಗುವಿನ ಅಳತೆಗೆ ಮಡಿಕೆ ಹಾಕಿ ಕೊಟ್ಟೆ. ಅಜ್ಜಿ ಹೇಗೆ ಕೂರುತ್ತಾರೆ ತೋರಿಸು ಎಂದೆ. ಮಗು ಸೊಂಟದ ಮೇಲೆ ಕೈಯಿಟ್ಟು, ನಿಟ್ಟುಸಿರು ಬಿಟ್ಟು, ನನ್ನ ಸ್ಟೂಲಿನ ಮೇಲೆ ಕೂತಿತು. ಬಾಗಿಲಲ್ಲಿದ್ದ ಮಾವ ಜೋರಾಗಿ ನಕ್ಕರು. ಅವರು ಅಂಗಡಿಯಲ್ಲಿ ನಕ್ಕದ್ದನ್ನು ನಾನು ಕೇಳಿದ್ದು ಅಪರೂಪ.

ಅಷ್ಟು ಹೊತ್ತಿಗೆ ಮಾವನಿಗೆ ವಯಸ್ಸಾಗಿತ್ತು. ಬೆನ್ನು ಬಾಗಿ ಗೂನಾಗಿತ್ತು. ನೆಟ್ಟಗೆ ನಿಂತು ಘರ್ಜಿಸುತ್ತಿದ್ದ ರಾಜ ಈಗ ನಡೆಯುವಾಗ ನೆಲದಲ್ಲಿ ಏನನ್ನೋ ಹುಡುಕುತ್ತಿರುವಂತೆ ಕಾಣುತ್ತಿದ್ದರು. ಅಂಥ ಹೊತ್ತಿನಲ್ಲಿ ಊರಿನ ಹವ್ಯಾಸಿ ನಾಟಕದವರು ಬಂದು, ಅವರಿಗೆ ಸನ್ಮಾನ ಮಾಡುವುದಾಗಿಯೂ, ಅವರು ವೇಷ ಹಾಕಿಕೊಂಡು ಹಳೆಯ ನಾಟಕದ ಆಸ್ಥಾನದ ಮಾತನ್ನು ಒಂದು ಸಲ ಆಡಿ ತೋರಿಸಬೇಕೆಂದೂ ಕೇಳಿದರು. ಮಾವ ಬೇಡ ಬೇಡ ಎನ್ನುತ್ತಲೇ ಒಪ್ಪಿದರು. ಅವತ್ತಿನಿಂದ ಸ್ನಾನದ ಮನೆಯಲ್ಲಿ ಆ ಮಾತುಗಳು ಕೇಳಿಸತೊಡಗಿದವು. ದನಿ ಇನ್ನೂ ಹಾಗೇ ಇತ್ತು.

ಒಂದು ಮಧ್ಯಾಹ್ನ ನಾನು ದಾರ ತರಲು ಮಾರ್ಕೆಟ್ಟಿಗೆ ಹೋಗಿ ಬಂದಾಗ, ಅವರು ಕನ್ನಡಿಯ ಮುಂದೆ ಕೆಂಪು ಕೋಟು ಹಾಕಿಕೊಂಡು ನಿಂತಿದ್ದರು. ಕಟ್ಟುತ್ತಿದ್ದವರು ನಮ್ಮ ಯಜಮಾನರು. ಗೂನಿನ ಮೇಲೆ ಕೋಟು ನಿಲ್ಲುತ್ತಿರಲಿಲ್ಲ. ದಾರ ಬಿಗಿದರೆ ಕತ್ತಿಗೆ ಒತ್ತುತ್ತಿತ್ತು, ಬಿಟ್ಟರೆ ಮುಂದಿನ ಅಂಚು ನೆಲಕ್ಕೆ ಬಂದು ಕಾಲಿಗೆ ಸಿಕ್ಕುತ್ತಿತ್ತು. ಎಲ್ಲರಿಗೂ ಆಗುತ್ತಿದ್ದ ಕೋಟು ಅದರ ಒಡೆಯರಿಗೇ ಆಗಲಿಲ್ಲ. ನನ್ನನ್ನು ಕಂಡು ಮಾವ ಮುಖ ತಿರುಗಿಸಿದರು. ನಾನು ನೋಡದವಳ ಹಾಗೆ ಒಳಗೆ ಹೋದೆ. ನಾನು ಹೊಲಿದು ಕೊಡಲೇ ಎಂದು ಕೇಳುವುದು ಸುಲಭವಿತ್ತು. ಕೇಳಲಿಲ್ಲ. ಅವರೇ ಕೇಳಬೇಕು ಎನ್ನುವ ಹಟವೂ ಇತ್ತು, ನಾನಾಗಿ ಕೇಳಿದರೆ ಅವರಿಗೆ ನೋವಾದೀತು ಎನ್ನುವ ಅಳುಕೂ ಇತ್ತು.

ಮಾರನೆಯ ದಿನ ಮಗನ ಬಾಯಲ್ಲಿ ಹೇಳಿಸಿದರು. ಯಜಮಾನರು ತಾವೇ ಅಳತೆ ತೆಗೆದು ತಂದುಕೊಟ್ಟರು. ನೋಡಿದರೆ ಅದು ಯಾವ ಮನುಷ್ಯನ ಅಳತೆಯೂ ಅಲ್ಲ. ಗೂನು ಬೆನ್ನಿನ ಅಳತೆ ತೆಗೆಯುವುದು ಅವರಿಗೆ ತಿಳಿಯದು. ನಾನೇ ತೆಗೆಯಬೇಕಿತ್ತು. ನಮ್ಮ ಮನೆಗಳಲ್ಲಿ ಸೊಸೆ ಮಾವನ ಪಾದ ಮುಟ್ಟುತ್ತಾಳೆ, ಇನ್ನೇನನ್ನೂ ಮುಟ್ಟುವುದಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಲೋಟ ಕೊಡುವಾಗಲೂ ಕೈಗೆ ಕೈ ತಗುಲಿಸದವರು ನಾವು. ಟೇಪು ಹಿಡಿದು ಹೋಗಿ ಅವರ ಹಿಂದೆ ನಿಂತೆ. ಅವರು ಎದ್ದು ನಿಂತು, ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದರು.

ಕತ್ತಿನ ಮೂಳೆಯ ಮೇಲೆ ಟೇಪಿಟ್ಟು ಬೆನ್ನಿನ ಏರಿಳಿತದ ಮೇಲೆ ನಿಧಾನವಾಗಿ ಇಳಿಸಿದೆ. ಕೂರಿಸಿ ತೆಗೆದೆ, ಕೈ ಎತ್ತಿಸಿ ತೆಗೆದೆ. ಮೂಳೆಗಳು ಕೈಗೆ ಸಿಗುತ್ತಿದ್ದವು. ಮಾವ ಗೋಡೆ ನೋಡುತ್ತ, ವರ್ಷಗಳ ಮೇಲೆ ನೇರವಾಗಿ ನನ್ನೊಂದಿಗೇ ಮಾತಾಡಿದರು.

"ಗೂನು ಕಾಣ್ದಂಗೆ ಮಾಡ್ಬೋದಾ?"

"ಮಾಡ್ಬೋದು ಮಾವ. ಎರಡೂ ಕಡೆ ಹತ್ತಿ ತುಂಬಿ ಭುಜ ಎತ್ತಿದ್ರೆ ಅಷ್ಟಾಗಿ ಗೊತ್ತಾಗಲ್ಲ. ಮಾಡ್ಲಾ?"

ಅವರು ಶಾಲು ಹೊದ್ದುಕೊಂಡು ಕೂತರು. ನಾನು ಟೇಪು ಸುತ್ತುತ್ತ ನಿಂತೆ.

"ಬೇಡ ಬುಡು. ಇರೋ ಬೆನ್ನಿಗೇ ಹೊಲಿ."

ಹೊಸ ಮಖಮಲ್ಲು ತಂದು ಹೊಲಿದೆ. ಮುಂದೆ ಗುಂಡಿ ಇಟ್ಟೆ, ಹಿಂದೆ ಪೂರ್ತಿ ಬೆನ್ನು. ಗೂನಿಗೆ ಬೇಕಾದಷ್ಟು ಜಾಗ ಬಿಟ್ಟು ಬೆನ್ನಿನ ಭಾಗವನ್ನು ಉದ್ದವಾಗಿಯೂ, ಎದೆಯ ಭಾಗವನ್ನು ಗಿಡ್ಡವಾಗಿಯೂ ಕತ್ತರಿಸಿದ್ದರಿಂದ ಅಂಚು ನೆಲಕ್ಕೆ ಎಲ್ಲ ಕಡೆಯೂ ಒಂದೇ ಸಮ ನಿಂತಿತು. ಸನ್ಮಾನದ ದಿನ ಒಳಗೆ ಯಜಮಾನರು ತೊಡಿಸಲು ಹೋದರೆ ಮಾವ ಅವರ ಕೈ ಸರಿಸಿ, ಒಂದೊಂದೇ ಗುಂಡಿಯನ್ನು ತಾವೇ ಹಾಕಿಕೊಂಡರು. ಜೀವಮಾನವೆಲ್ಲ ಬೇರೆಯವರ ಕೈಯಲ್ಲಿ ಕಟ್ಟಿಸಿಕೊಂಡೇ ರಾಜನಾದವರು. ಗುಂಡಿ ಹಾಕಲು ಬೆರಳು ಬೇಗ ಬೇಗ ಬರಲಿಲ್ಲ. ನಾವು ಕಾದೆವು.

ಮಾತು ಎಲ್ಲೂ ತಪ್ಪಲಿಲ್ಲ. ಕೊನೆಯ ಸಾಲು ಮುಗಿಸಿ, ಅಭ್ಯಾಸಬಲದಿಂದ ಜನರ ಕಡೆ ಮುಖ ಇಟ್ಟುಕೊಂಡೇ ಒಂದೆರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಿಂತರು. ಏನೋ ಯೋಚಿಸಿದಂತೆ ಕಂಡಿತು. ಮೆಲ್ಲಗೆ ತಿರುಗಿ, ಆ ಬಾಗಿದ ಬೆನ್ನನ್ನು ಜನಕ್ಕೆ ಪೂರ್ತಿ ಕೊಟ್ಟು, ತಮ್ಮ ಪಾಡಿಗೆ ನಡೆದು ಒಳಗೆ ಬಂದರು. ಪಕ್ಕದ ಪರದೆಯ ಹಿಂದೆ ನಿಂತಿದ್ದ ನಾನು ಸುಲಭಕ್ಕೆ ಅಳುವವಳಲ್ಲ. ಅವತ್ತು ಅತ್ತುಬಿಟ್ಟೆ. ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಮಾರನೆಯ ದಿನ ಪೂಜೆ ಮುಗಿಸಿ ಅಂಗಡಿಗೆ ಬಂದವರು ಕೂರಲಿಲ್ಲ. ಕಪಾಟಿನಿಂದ ಹಳೆಯ ಕೆಂಪು ಕೋಟುಗಳನ್ನೆಲ್ಲ ತಾವೇ ಇಳಿಸಿ, ನನ್ನ ಮಿಷನ್ನಿನ ಮೇಲೆ ತಂದು ಹಾಕಿದರು.

"ಇವಕ್ಕೂ ಬೆನ್ನು ಹಾಕ್ಬುಡು ಕಣಮ್ಮ."

ನಾನು ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಹಳೆಯ ಮಖಮಲ್ಲು, ಮಾಸಿ ಮಾಸಿ ತನ್ನದೇ ಒಂದು ಕೆಂಪಿಗೆ ಬಂದಿತ್ತು. ಈ ಬಣ್ಣದ ಬಟ್ಟೆ ಈಗ ಎಲ್ಲೂ ಸಿಗುವುದಿಲ್ಲ ಮಾವ, ಏನು ಹಾಕಿದರೂ ತೇಪೆಯ ಹಾಗೆ ಕಾಣುತ್ತದೆ ಎಂದೆ.

"ಬೇರೆ ಬಣ್ಣದ್ದೇ ಹಾಕು. ಕಾಣ್ಲಿ ಬುಡು, ಏನೀಗ?" ಎಂದು ಹೋಗಿ ಬಾಗಿಲಲ್ಲಿ ಕೂತರು.

ಆ ವಾರವೇ ಮಾರ್ಕೆಟ್ಟಿನಲ್ಲಿ ಒಳ್ಳೆಯ ನೀಲಿ ಸಿಕ್ಕಿತು. ವಯಸ್ಸಾಗಿ ನಾನು ಅಂಗಡಿ ಬಿಡುವವರೆಗೂ ಆ ಕೋಟುಗಳು ಬಾಡಿಗೆಗೆ ಹೋಗಿ ಬರುತ್ತಲೇ ಇದ್ದವು, ಮುಂದೆ ಕೆಂಪು, ಹಿಂದೆ ನೀಲಿ.